ಹಾರ ಸಾಕು, ಓದುಗ ಬೇಕು

ಹೋದ ವರ್ಷ ಚಿಕ್ಕೋಡಿ ಕಡೆಯ ಒಂದೂರಿನಲ್ಲಿ ಪುಸ್ತಕ ಬಿಡುಗಡೆ ಇತ್ತು. ನಮ್ಮ ಕನ್ನಡ ಸಂಘಕ್ಕೂ ಆಮಂತ್ರಣ ಬಂದಿತ್ತು, ನಾಲ್ಕು ಜನ ಹೋದೆವು. ವೇದಿಕೆ ಮೇಲೆ ಹನ್ನೊಂದು ಜನ ಗಣ್ಯರು, ಕೆಳಗೆ ಕುರ್ಚಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಜನ. ಬಣ್ಣದ ಕಾಗದ ಸುತ್ತಿದ ಪುಸ್ತಕ ಬಿಚ್ಚಿ, ಎದೆಗೆ ಹಿಡಿದು ಫೋಟೊ ತೆಗೆಸಿಕೊಂಡದ್ದಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತನಾಡಿದವರೆಲ್ಲ ಲೇಖಕರ ಸರಳ ಸ್ವಭಾವ ಹೊಗಳಿದರು, ಗಡಿಭಾಗದ ಕನ್ನಡದ ಬಗ್ಗೆ ಕಳವಳಪಟ್ಟರು. ಎರಡು ತಾಸಿನ ಕಾರ್ಯಕ್ರಮದಲ್ಲಿ ಪುಸ್ತಕದ ಒಳಗಿನ ಒಂದು ಸಾಲನ್ನೂ ಯಾರೂ ಓದಲಿಲ್ಲ.

ನಮಗೊಂದು ಗೌರವ ಪ್ರತಿ ಸಿಕ್ಕಿತು. ಮರುವಾರ ಇಂಟರ್ನಲ್ಸ್ ಇದ್ದವು. ಮುನ್ನುಡಿ ಓದಿದೆವು, ಬೆನ್ನುಡಿ ಓದಿದೆವು, ಒಂದೆರಡು ಕಥೆಗಳ ಮೊದಲ ಪುಟದ ಮೇಲೆ ಕಣ್ಣಾಡಿಸಿದೆವು. ಆಮೇಲೆ ಅರ್ಧ ಪುಟದ ವಿಮರ್ಶೆ ಬರೆದು ಇದೇ ಪತ್ರಿಕೆಯಲ್ಲಿ ಹಾಕಿದೆವು. ‘ಗ್ರಾಮೀಣ ಬದುಕಿನ ಜೀವಂತ ಚಿತ್ರಣ, ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ’ ಅಂತ ಮುಗಿಸಿದ್ದೆವು.

ಒಂದು ವಾರದ ಮೇಲೆ ಲೇಖಕರ ಫೋನ್ ಬಂತು. ಅವರು ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರು. ಹಾಸ್ಟೆಲ್ ರೂಮಿನಲ್ಲಿ ಸ್ಪೀಕರ್ ಹಾಕಿ ಕೂತಿದ್ದೆವು.

“ಭಾಳ ಛೊಲೊ ಬರದೀರಿ ತಮ್ಮಾ. ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಯಾವ ಕತಿ ಓದೀರಿ?”

ನಾಲ್ವರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಅವರೇ ಮುಂದುವರಿಸಿದರು: “ಇರ್ಲಿ ಬಿಡ್ರಿ. ಹಾರ ಹಾಕಾವ್ರು ಭಾಳ ಮಂದಿ ಅದಾರ. ಓದಿ ಮಾತಾಡಾವ್ರು ಇನ್ನೂ ಸಿಕ್ಕಿಲ್ಲ. ಅದಕ್ಕ ಕೇಳಿದೆ.”

ಅದೇ ತಿಂಗಳು ರಾಯಬಾಗ ಕಡೆಯ ಒಬ್ಬ ಜೂನಿಯರ್ ಕ್ಯಾಂಟೀನಿನಲ್ಲಿ ಹಿಡಿದು ನಿಲ್ಲಿಸಿದ. ನಮ್ಮ ಮಾತು ನಂಬಿ ಅವನು ದುಡ್ಡು ಕೊಟ್ಟು ಆ ಪುಸ್ತಕ ತರಿಸಿದ್ದ. “ಅಣ್ಣಾ, ನೀವು ಖರೇನ ಓದೀರೇನು? ನಡುವಿನ ನಾಕು ಕತಿ ಒಂದ ಕತಿ ಇದ್ದಂಗ ಅದಾವಲ್ಲ, ಅದನ್ಯಾಕ ಬರೀಲಿಲ್ಲ?” ಅಂದ. ಅರ್ಧ ಪುಟದ ಒಂದೇ ಬರಹದಿಂದ ಇಬ್ಬರಿಗೆ ಮೋಸ ಮಾಡಿದ್ದೆವು, ಬರೆದವರಿಗೂ ಓದುವವನಿಗೂ.

ಈ ಲೇಖನ ಆ ಎರಡು ಪ್ರಶ್ನೆಗಳಿಗೆ ತಡವಾಗಿ ಕೊಡುತ್ತಿರುವ ಉತ್ತರ. ನಮ್ಮ ವಾದ ಇಷ್ಟೇ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಹೊಸ ಪುಸ್ತಕಕ್ಕೆ ಹೊಗಳಿಕೆಯ ಬರ ಇಲ್ಲ, ಓದುಗರ ಬರ ಇದೆ. ಆ ಬರ ನೀಗಿಸುವ ಕೆಲಸದಲ್ಲಿ ಎಂಜಿನಿಯರಿಂಗ್ ಹುಡುಗ ಹುಡುಗಿಯರಾದ ನಮಗೂ ಒಂದು ಪಾಲಿದೆ. ಓದಿ, ಓದಿದ್ದನ್ನು ಪ್ರಾಮಾಣಿಕವಾಗಿ ಬರೆದರೆ ಸಾಕು.

ಮೊದಲು ನಮ್ಮ ಕಡೆ ಒಂದು ಪುಸ್ತಕ ಹೇಗೆ ಹುಟ್ಟಿ ಹೇಗೆ ಕಣ್ಮರೆಯಾಗುತ್ತದೆ ನೋಡೋಣ. ಲೇಖಕರು ತಮ್ಮ ಪಿಂಚಣಿ ಹಣದಲ್ಲೋ, ಕಬ್ಬಿನ ಬಿಲ್ಲು ಬಂದಾಗಲೋ ಪುಸ್ತಕ ಅಚ್ಚು ಹಾಕಿಸುತ್ತಾರೆ. ಕೆಲವು ಪ್ರತಿ ಗಣ್ಯರಿಗೆ, ಕೆಲವು ಬೀಗರಿಗೆ, ಉಳಿದದ್ದು ಅಟ್ಟಕ್ಕೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಒಂದಿಷ್ಟು ಪ್ರತಿ ಹೋಗುತ್ತವೆ, ಆಗದಿದ್ದರೆ ಅದೂ ಇಲ್ಲ. ನಮ್ಮ ಬಸ್ ಸ್ಟ್ಯಾಂಡುಗಳ ಪೇಪರ್ ಅಂಗಡಿಯಲ್ಲಿ ಪಂಚಾಂಗ ಸಿಗುತ್ತದೆ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಗೈಡು ಸಿಗುತ್ತದೆ, ಕಥೆ ಕವಿತೆ ಸಿಗುವುದಿಲ್ಲ. ಮಿರಜದಿಂದ ಬೆಳಗಾವಿಗೆ ಹೋಗುವ ರೈಲಿನಲ್ಲಿ ಕೂತರೆ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಅಂತ ಒಂದೊಂದೇ ಸ್ಟೇಷನ್ ಬರುತ್ತವೆ. ಶೇಂಗಾ, ಚಹಾ, ಭಡಂಗ ಮಾರಲು ಬರುತ್ತಾರೆ. ಈ ದಾರಿಯಲ್ಲಿ ಕನ್ನಡದ ಹೊಸ ಪುಸ್ತಕ ಮಾರುವವರನ್ನು ನಾವಂತೂ ಕಂಡಿಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. 1954ರ ಕಾನೂನಿನ ಪ್ರಕಾರ ದೇಶದ ಪ್ರತಿ ಪ್ರಕಾಶಕರೂ ಪುಸ್ತಕ ಹೊರಬಂದ 30 ದಿನದೊಳಗೆ ಒಂದು ಪ್ರತಿಯನ್ನು ಕೋಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಕಳಿಸಬೇಕು. ಅಂದರೆ ನಿಯಮ ಪಾಲಿಸಿದ ಅಥಣಿಯ ಲೇಖಕರ ಕವನ ಸಂಕಲನ ಕೋಲ್ಕತ್ತೆಯಲ್ಲಿ ಇರುತ್ತದೆ, ಅಥಣಿಯ ಅಂಗಡಿಯಲ್ಲಿ ಇರುವುದಿಲ್ಲ.

ನಮ್ಮ ನೆಲದಲ್ಲಿ ಬರೆಯುವವರೇ ಇರಲಿಲ್ಲ ಅಂತ ತಿಳಿಯಬೇಡಿ. ಈಗ ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದವರು ಮಿರ್ಜಿ ಅಣ್ಣಾರಾಯರು. ಅವರ ‘ನಿಸರ್ಗ’ ಕಾದಂಬರಿ 1945ರಲ್ಲಿ ಬಂತು. ಈ ಭಾಗದ ಒಕ್ಕಲು ಮನೆತನದ ಬದುಕನ್ನು ಇಲ್ಲಿನ ಮಾತಿನಲ್ಲೇ ಬರೆದ ಪುಸ್ತಕ ಅದು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದವರು ಆ. ನೇ. ಉಪಾಧ್ಯೆ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಪಾಠ ಮಾಡುತ್ತ ಪ್ರಾಕೃತ ಗ್ರಂಥಗಳ ಸಂಪಾದನೆಯಲ್ಲಿ ದೊಡ್ಡ ಹೆಸರಾದವರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿ ಮುಂದೆ ಆಚಾರ್ಯ ವಿದ್ಯಾಸಾಗರರಾದವರು ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದರು. ಕಾಲಡಿಯ ಮಣ್ಣು ಕುಂಭವಾಗುವ ಕಥೆ ಅದು. ಒಂದೇ ಊರು, ಎರಡು ದೊಡ್ಡ ಹೆಸರು.

ಈ ಮೂರು ಹೆಸರನ್ನು ನಮ್ಮ ಸಂಘದ ಮೊದಲ ಸಭೆಯಲ್ಲಿ ಕೇಳಿದೆವು. ಸದಲಗಾದಿಂದ ದಿನಾ ಬಸ್ಸಿಗೆ ಬರುವವರೂ ಆ ಸಭೆಯಲ್ಲಿದ್ದರು. ಆಚಾರ್ಯರ ಹೆಸರು ಕೆಲವರಿಗೆ ಗೊತ್ತಿತ್ತು, ಅವರೊಂದು ಕಾವ್ಯ ಬರೆದದ್ದು ಗೊತ್ತಿರಲಿಲ್ಲ. ಉಳಿದ ಎರಡು ಹೆಸರಿಗೆ ಎಲ್ಲರೂ ಮುಖ ಮುಖ ನೋಡಿಕೊಂಡರು. ನಾವು ಕೂಡ ಆ ಫೋನ್ ಬಂದ ಮೇಲೆ ನಾಚಿಕೆಯಿಂದ ಹುಡುಕಿ ಓದಿದವರೇ. ಈ ಪುಸ್ತಕಗಳ ಬಗ್ಗೆ ಬರೆದವರು ಇದ್ದಾರೆ, ಸಂಶೋಧನೆ ಮಾಡಿದವರೂ ಇದ್ದಾರೆ. ಆದರೆ ನಮ್ಮ ವಯಸ್ಸಿನವರು ಓದುವ ಜಾಗದಲ್ಲಿ, ನಮ್ಮ ಭಾಷೆಯಲ್ಲಿ, ‘ಇದನ್ನು ಓದು, ಇದರಲ್ಲಿ ಇಂಥದ್ದಿದೆ’ ಅಂತ ಯಾರೂ ನಮಗೆ ಹೇಳಿರಲಿಲ್ಲ. ಅಣ್ಣಾರಾಯರಂಥವರ ಗತಿಯೇ ಹೀಗಾದರೆ ಹೋದ ತಿಂಗಳು ನಿಪ್ಪಾಣಿಯಲ್ಲಿ ಅಚ್ಚಾದ ಪುಸ್ತಕದ ಗತಿ ಏನು?

ನಮ್ಮ ಕಡೆಯ ಚಪ್ಪಲಿಯ ಕಥೆ ನೆನಪಿಸಿಕೊಳ್ಳಿ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲಿ ಹೊಲಿದ ಚಪ್ಪಲಿ ಲೋಕಕ್ಕೆಲ್ಲ ಕೊಲ್ಹಾಪುರಿ ಅಂತಲೇ ಗೊತ್ತು. 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ ಮೂಲ ಹೇಳದಿದ್ದಾಗ ಎಷ್ಟು ಗದ್ದಲವಾಯಿತು! ನಮ್ಮ ಗೆಳೆಯರೆಲ್ಲ ಸ್ಟೇಟಸ್ ಹಾಕಿದರು. ವಸ್ತು ಎಷ್ಟೇ ಛಲೋ ಇರಲಿ, ಅದು ಎಲ್ಲಿಯದು, ಯಾರದು ಅಂತ ಯಾರಾದರೂ ಬರೆದಿಡಬೇಕು. ಪುಸ್ತಕಕ್ಕೂ ಅದೇ ಮಾತು.

ಸರಿ, ಹೊಸ ಪುಸ್ತಕ ಬಂದದ್ದು ಗೊತ್ತಾಗುವುದಾದರೂ ಹೇಗೆ? ಭಾನುವಾರದ ಪತ್ರಿಕೆಗಳಲ್ಲಿ ಹೊಸ ಪುಸ್ತಕದ ಪುಟ ಬರುತ್ತದೆ. 2019ರಿಂದ ‘ಬುಕ್ ಬ್ರಹ್ಮ’ ಇದೆ. ಹೊಸಬರ ಕಥಾಸಂಕಲನಗಳಿಗೆ ಸ್ಪರ್ಧೆ ನಡೆಸುವ ವಸುಧೇಂದ್ರರ ‘ಛಂದ ಪುಸ್ತಕ’ ಇದೆ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಹುಡುಕಬಹುದು. ಇವೆಲ್ಲ ಬೆಂಗಳೂರಿನ ಹುಡುಗರಿಗೂ ಸಿಗುವ ದಾರಿ.

ನಮಗೆ ಮಾತ್ರ ಸಿಗುವ ದಾರಿ ಬೇರೆ ಇದೆ. ಊರಿನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ. ಲಗ್ನಪತ್ರಿಕೆ, ಪಂಚಾಯಿತಿ ಚುನಾವಣೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಅಚ್ಚಾಗುವ ಜಾಗದಲ್ಲೇ ಎಷ್ಟೋ ಪುಸ್ತಕಗಳೂ ಅಚ್ಚಾಗುತ್ತವೆ. ಡಿಟಿಪಿ ಮಾಡುವ ಅಕ್ಕನಿಗೆ ಯಾವ ಮಾಸ್ತರ ಕಾದಂಬರಿ ಎಷ್ಟನೇ ಪುಟಕ್ಕೆ ಬಂದಿದೆ ಅನ್ನುವುದು ಗೊತ್ತಿರುತ್ತದೆ. ಹೊಸ ಪುಸ್ತಕದ ಮೊದಲ ಓದುಗಳು ಅವಳೇ. ನಾವು ಹೀಗೆ ಕೇಳುತ್ತ ಹೋದಾಗ ಒಂದು ಪ್ರೆಸ್ಸಿನ ಮೂಲೆಯಲ್ಲಿ ಬೈಂಡಿಂಗ್ ಆಗಿ ಕೂತ ಎರಡು ಪುಸ್ತಕ ಸಿಕ್ಕವು. ಒಂದು ತಂಬಾಕು ಹೊಲದ ಕೆಲಸದ ನೆನಪುಗಳದು, ಇನ್ನೊಂದು ಕೃಷ್ಣಾ ಹೊಳೆಯ ಮಹಾಪೂರದಲ್ಲಿ ಮನೆ ಬಿಟ್ಟು ಹೋದವರ ಕಥೆ. ಎರಡಕ್ಕೂ ಬಿಡುಗಡೆ ಸಮಾರಂಭವೇ ಆಗಿರಲಿಲ್ಲ. ತಾಲೂಕು ಸಾಹಿತ್ಯ ಸಮ್ಮೇಳನದ ಮಳಿಗೆಗಳು, ಮಠಗಳ ಜಾತ್ರೆ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಹಾಡಿನ ಪುಸ್ತಕ ಮಾರುವವರು, ಇವೂ ನಮ್ಮ ದಾರಿಗಳೇ.

ಹುಡುಕಿ ಹೋಗುವುದು ಅವಮಾನ ಅಲ್ಲ. ಗಳಗನಾಥರು ತಾವು ಬರೆದ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡೇ ಬೆಳೆದದ್ದು. ಆಗ ಬರೆದವರು ಓದುಗರ ಮನೆಗೆ ನಡೆದು ಹೋದರು. ಈಗ ಕೈಯಲ್ಲಿ ಫೋನ್ ಇರುವ ನಾವು ಬರೆದವರ ಮನೆತನಕ ಹೋಗಬಾರದೇ?

ಪುಸ್ತಕ ಸಿಕ್ಕ ಮೇಲೆ ಬರೆಯುವುದು ಹೇಗೆ? ಇದಕ್ಕೆ ನಮ್ಮ ಲ್ಯಾಬ್ ರೆಕಾರ್ಡೇ ಮಾದರಿ. ಅಬ್ಸರ್ವೇಷನ್ ಇಲ್ಲದೆ ರಿಸಲ್ಟ್ ಬರೆದರೆ ಸರ್ ರೆಕಾರ್ಡ್ ಮುಖಕ್ಕೆ ಎಸೆಯುತ್ತಾರೆ. (ಗೆಳೆಯನ ರೀಡಿಂಗ್ ಕಾಪಿ ಹೊಡೆದರೂ ವೈವಾದಲ್ಲಿ ಸಿಕ್ಕಿಬೀಳುತ್ತೇವೆ. ಮಾಸ್ತರ ಫೋನ್ ನಮಗೆ ವೈವಾ ಆಗಿತ್ತು.) ‘ಜೀವಂತ ಚಿತ್ರಣ’ ಅನ್ನುವುದು ರಿಸಲ್ಟ್. ಯಾವ ಪುಟದಲ್ಲಿ, ಯಾವ ಪಾತ್ರ, ಏನು ಮಾಡಿದಾಗ ಹಾಗನಿಸಿತು ಅನ್ನುವುದು ಅಬ್ಸರ್ವೇಷನ್. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆ ಇಲ್ಲ.

ಆಮೇಲೆ ನಾವು ಕೆಲವು ಕರಾರು ಮಾಡಿಕೊಂಡೆವು. ಪೂರ್ತಿ ಓದದೆ ಬರೆಯಬಾರದು. ಬಿಟ್ಟ ಭಾಗ ಇದ್ದರೆ ಬಿಟ್ಟಿದ್ದೇವೆ ಅಂತ ಹೇಳಬೇಕು. ಪುಸ್ತಕ ಕೊಂಡದ್ದೋ ಪುಕ್ಕಟೆ ಬಂದದ್ದೋ ಮೊದಲ ಸಾಲಿನಲ್ಲೇ ತಿಳಿಸಬೇಕು. ಲೇಖಕರು ಸಂಬಂಧಿಕರಾಗಿದ್ದರೆ ಅದನ್ನೂ. ಇಷ್ಟವಾದ ಒಂದು ಜಾಗ, ಸೋತ ಒಂದು ಜಾಗ, ಎರಡನ್ನೂ ಪುಟಸಂಖ್ಯೆ ಸಮೇತ ಬರೆಯಬೇಕು. ಅಚ್ಚಿನ ತಪ್ಪು ಹೆಚ್ಚಿದ್ದರೆ ಹೇಳಬೇಕು, ಆದರೆ ಬರಹದ ತಪ್ಪನ್ನೂ ಅಚ್ಚಿನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೊನೆಗೆ ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಅಂತ ಬರೆಯಬೇಕು. ಸ್ಟಾರ್ ಕೊಡುವುದನ್ನು ಬಿಟ್ಟೆವು. ನಾಲ್ಕು ಸ್ಟಾರಿಗೂ ಮೂರುವರೆ ಸ್ಟಾರಿಗೂ ನಡುವಿನ ಫರಕು ಏನಂತ ನಮ್ಮಲ್ಲೇ ಯಾರಿಗೂ ಹೇಳಲು ಬರಲಿಲ್ಲ.

ಇದಕ್ಕೆ ಬಂದ ಆಕ್ಷೇಪಗಳೂ ಇವೆ, ಕೇಳಿ.

ಮೊದಲನೆಯದು: “ನಾವ್ ಮೆಕ್ಯಾನಿಕಲ್ ಮಂದಿ, ಸಾಹಿತ್ಯದ ವಿಮರ್ಶಾ ಮಾಡಾಕ ನಾವ್ಯಾರು?” ವಿಮರ್ಶೆಯ ಶಾಸ್ತ್ರ ಕಲಿತವರು ಬರೆಯಲಿ, ಬೇಡ ಅಂದವರ್ಯಾರು? ಆದರೆ ಸಕ್ಕರೆ ಕಾರ್ಖಾನೆಯ ಸೀಜನ್ನು, ಕಬ್ಬಿನ ಗ್ಯಾಂಗು, ಬೀಡಿ ಕಟ್ಟುವ ಮನೆಗಳು ಕಥೆಯಲ್ಲಿ ಬಂದರೆ ಅದು ಖರೇನೋ ಸುಳ್ಳೋ ಅಂತ ಹೇಳಲು ಉಗಾರದ ಹುಡುಗನಿಗಿಂತ, ನಿಪ್ಪಾಣಿಯ ಹುಡುಗಿಗಿಂತ ಬಲ್ಲವರು ಯಾರು? ಪಾತ್ರದ ಬಾಯಲ್ಲಿ ನಮ್ಮ ಕಡೆಯ ಮಾತು ಬಂದಾಗ ಅದು ಹೊಂದಿತೋ ಇಲ್ಲವೋ ಅಂತ ನಮ್ಮ ಕಿವಿಗೇ ಮೊದಲು ಗೊತ್ತಾಗುತ್ತದೆ.

ಎರಡನೆಯದು ಗಟ್ಟಿ ಆಕ್ಷೇಪ: “ಬರೆದವರು ನಮ್ಮ ಸಾಲಿ ಮಾಸ್ತರು, ಅಪ್ಪನ ಗೆಳೆಯರು. ನಾಳೆ ಸಂತ್ಯಾಗ ಭೇಟಿ ಆಗ್ತಾರ. ಛಲೋ ಇಲ್ಲಂತ ಹೆಂಗ ಬರಿಯೂದು?” ಕಷ್ಟ ಹೌದು. ದೊಡ್ಡ ಪಟ್ಟಣದಲ್ಲಿ ವಿಮರ್ಶಕರಿಗೂ ಲೇಖಕರಿಗೂ ನಡುವೆ ದೂರ ಇರುತ್ತದೆ, ನಮ್ಮಲ್ಲಿ ಒಂದು ಓಣಿ ಮಾತ್ರ. ಇದಕ್ಕೆ ನಮ್ಮ ಬಳಿ ಇರುವ ಉತ್ತರ ಒಂದೇ: ಪುಸ್ತಕದ ಬಗ್ಗೆ ಬರೆಯಿರಿ, ಮನುಷ್ಯರ ಬಗ್ಗೆ ಬೇಡ. ‘ಲೇಖಕರಿಗೆ ಕಥೆ ಕಟ್ಟಲು ಬರುವುದಿಲ್ಲ’ ಅಂತ ಬರೆದರೆ ಅದು ಬೈಗುಳ. ‘ಮೂರನೇ ಕಥೆಯ ಮುದುಕಿ ಸಾಯುವ ಮುಂಚೆ ಎರಡು ಪುಟ ನೀತಿ ಹೇಳುತ್ತಾಳೆ, ಅಲ್ಲಿ ಕಥೆ ನಿಂತುಹೋಯಿತು’ ಅಂತ ಬರೆದರೆ ಅದು ಓದು. ಓದಿದವರ ಮೇಲೆ ಒಂದೆರಡು ದಿನ ಮುನಿಸಿಕೊಂಡಾರು. ಓದದೆ ಹೊಗಳಿದವರನ್ನು ಮಾತ್ರ ಒಳಗೊಳಗೇ ಕ್ಷಮಿಸುವುದಿಲ್ಲ ಅಂತ ಆ ಫೋನಿನಿಂದ ಕಲಿತೆವು.

ಮೂರನೆಯದು: “ಈಗ ಎಐಗೆ ಹೇಳಿದರ ಅದ ಬರದ್ ಕೊಡ್ತೈತಿ.” ಕೊಡುತ್ತದೆ. ಬೆನ್ನುಡಿ ಕೊಟ್ಟರೆ ನಾವು ಬರೆದ ಆ ಅರ್ಧ ಪುಟದಂಥದ್ದನ್ನೇ ನಮಗಿಂತ ಛಂದ ಬರೆದು ಕೊಡುತ್ತದೆ. ನಮ್ಮ ಪ್ರೆಸ್ಸಿನ ಮೂಲೆಯಲ್ಲಿ ಸಿಕ್ಕ ಪುಸ್ತಕದ ಹೆಸರು ಹಾಕಿ ಕೇಳಿದೆವು. ಪುಸ್ತಕದಲ್ಲೇ ಇಲ್ಲದ ಪಾತ್ರಗಳ ಹೆಸರು ಹೇಳಿ ಪ್ಯಾರಾ ಪ್ಯಾರಾ ಹೊಗಳಿತು. ತಪ್ಪು ಅದರದ್ದಷ್ಟೇ ಅಲ್ಲ. ಯಾರೂ ಓದಿ ಬರೆಯದ ಪುಸ್ತಕದ ಬಗ್ಗೆ ಯಂತ್ರಕ್ಕೆ ತಿಳಿಯುವುದಾದರೂ ಎಲ್ಲಿಂದ? ಮೊದಲ ಓದನ್ನು ಮನುಷ್ಯನೇ ಮಾಡಬೇಕು.

ನಾಲ್ಕನೆಯದು: “ದೊಡ್ಡ ಪ್ರಶಸ್ತಿ ಬಂದ್ರ ಓದೋಣು.” 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವೂ ಓಡಿ ಹೋಗಿ ಪುಸ್ತಕ ಹುಡುಕಿದೆವು. ಆ ಸಂಕಲನದ ಕಥೆಗಳು 1990ರಿಂದ 2023ರವರೆಗೆ ಬರೆದಂಥವು. ಅಂದರೆ ಅವುಗಳಲ್ಲಿ ಕೆಲವು ನಾವು ಹುಟ್ಟುವ ಮೊದಲೇ ನಮ್ಮ ಭಾಷೆಯಲ್ಲೇ ಇದ್ದವು. ಲಂಡನ್ನಿನಿಂದ ಸುದ್ದಿ ಬರುವತನಕ ನಮ್ಮ ಹಾಸ್ಟೆಲಿನಲ್ಲಿ ಯಾರೂ ಓದಿರಲಿಲ್ಲ. ಪ್ರತಿ ಸಲವೂ ಸುದ್ದಿಗೆ ಕಾಯುತ್ತ ಕೂತರೆ ಹೇಗೆ?

ಇನ್ನೊಂದು ಮಾತು, ನಮ್ಮ ಮರಾಠಿ ಗೆಳೆಯರ ಬಗ್ಗೆ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಮರಾಠಿ ಮಾತಾಡುವವರು ಎಷ್ಟೋ ಜನ ಇದ್ದಾರೆ. ಎರಡೂ ಭಾಷೆ ಸರಾಗ ಓದುವ ಹುಡುಗ ಹುಡುಗಿಯರು ಗಡಿಯಲ್ಲಿ ಸಿಕ್ಕಷ್ಟು ಬೇರೆ ಕಡೆ ಸಿಗುವುದಿಲ್ಲ. ಬೆಳಗಾವಿಯಲ್ಲಿ ಹುಟ್ಟಿದ ಉಮಾ ಕುಲಕರ್ಣಿಯವರು ಭೈರಪ್ಪ, ಕಾರಂತರ ಕಾದಂಬರಿಗಳನ್ನು ಮರಾಠಿಗೆ ಒಯ್ದರು. ಚಂದ್ರಕಾಂತ ಪೋಕಳೆಯವರು ಮರಾಠಿಯ ಅನೇಕ ಕೃತಿಗಳನ್ನು ಕನ್ನಡಕ್ಕೆ ತಂದರು. ಸಾತಾರಾ ಜಿಲ್ಲೆಯ ಭಿಲಾರ ಎಂಬ ಹಳ್ಳಿ 2017ರಿಂದ ಪುಸ್ತಕದ ಊರಾಗಿದೆ, ಮನೆಮನೆಯಲ್ಲಿ ಕಪಾಟು ಇಟ್ಟು ಬಂದವರಿಗೆ ಓದಲು ಕೊಡುತ್ತಾರೆ. ಆಚೆ ಬಂದ ಹೊಸ ಮರಾಠಿ ಪುಸ್ತಕವನ್ನು ಇಲ್ಲಿ ಕನ್ನಡದಲ್ಲಿ ಪರಿಚಯಿಸಿ, ನಮ್ಮ ಹೊಸ ಪುಸ್ತಕವನ್ನು ಮರಾಠಿಯಲ್ಲಿ ಅವರಿಗೆ ಹೇಳಿ. ಗಡಿ ಅಂದರೆ ಜಗಳ ಅಂತಲೇ ಕೇಳಿ ಬೆಳೆದಿದ್ದೇವೆ. ಗಡಿ ಅಂದರೆ ಎರಡು ಕಪಾಟು ಅಂತಲೂ ಆಗಬಹುದು.

ಕೊನೆಗೆ, ಆ ಮಾಸ್ತರ ಪುಸ್ತಕ. ಪರೀಕ್ಷೆ ಮುಗಿದ ಮೇಲೆ ನಾಲ್ವರೂ ಪೂರ್ತಿ ಓದಿದೆವು. ಜೂನಿಯರ್ ಹೇಳಿದ್ದು ಖರೇ ಇತ್ತು, ನಡುವಿನ ನಾಲ್ಕು ಕಥೆ ಒಂದೇ ಅಚ್ಚಿನವು. ಆದರೆ ಕೊನೆಯ ಕಥೆ ಬೇರೆ. ಒಬ್ಬನೇ ಮೇಷ್ಟರಿರುವ ಶಾಲೆಯಲ್ಲಿ ಕಬ್ಬು ಕಡಿಯುವವರ ಮಕ್ಕಳು ಮೂರು ತಿಂಗಳು ಬಂದು ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಹೊಡೆದು ಹಾಕಲು ಮೇಷ್ಟರಿಗೆ ಕೈ ಬರುವುದಿಲ್ಲ. ವರ್ಷಪೂರ್ತಿ ಖಾಲಿ ಕಾಲಮ್ಮಿಗೆ ಹೆಸರು ಕೂಗುತ್ತಲೇ ಇರುತ್ತಾರೆ. ಅದನ್ನು ಓದಿ ನಮ್ಮಲ್ಲೊಬ್ಬ ಬಹಳ ಹೊತ್ತು ಮಾತಾಡಲಿಲ್ಲ. ಅವನ ಊರಿನ ಶಾಲೆಯಲ್ಲೂ ಅಂಥ ಮಕ್ಕಳು ಬಂದು ಹೋಗಿದ್ದರು.

ಎರಡನೇ ಸಲ ಬರೆದೆವು. ನಡುವಿನ ನಾಲ್ಕು ಕಥೆಯ ಬಗ್ಗೆ ಇದ್ದದ್ದು ಇದ್ದ ಹಾಗೆ, ಕೊನೆಯ ಕಥೆಯ ಬಗ್ಗೆ ಎರಡು ಪುಟ. ಹಳೆಯ ಅರ್ಧ ಪುಟ ಓದದೆ ಬರೆದದ್ದು ಅಂತಲೂ ಒಪ್ಪಿಕೊಂಡೆವು. ಮಾಸ್ತರು ಫೋನ್ ಮಾಡಿದರು. ನಾಲ್ಕು ಕಥೆಯ ವಿಷಯಕ್ಕೆ ಸ್ವಲ್ಪ ವಾದ ಮಾಡಿದರು, ಎರಡರ ಮಟ್ಟಿಗೆ ಒಪ್ಪಿದರು, ಎರಡಕ್ಕೆ ಒಪ್ಪಲಿಲ್ಲ. ಆಮೇಲೆ ಆ ಹಾಜರಿ ಪುಸ್ತಕ ಇನ್ನೂ ತಮ್ಮ ಮನೆಯಲ್ಲೇ ಇದೆ ಅಂದರು. ಮುಕ್ಕಾಲು ತಾಸು ಮಾತಾಡಿದೆವು. ಹೊಗಳಿಕೆಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಈಗ ಆ ಪುಸ್ತಕದ ಮೂರು ಪ್ರತಿ ನಮ್ಮ ಹಾಸ್ಟೆಲಿನಲ್ಲಿ ಓಡಾಡುತ್ತಿವೆ. ಮೂರು ಅಂದರೆ ದೊಡ್ಡ ಸಂಖ್ಯೆ ಅಲ್ಲ. ಆದರೆ ಆ ಮೂರೂ ಮುಖಪುಟದಲ್ಲಿ ಮಡಿಕೆ ಬಿದ್ದ, ಚಹಾದ ಕಲೆ ಹತ್ತಿದ ಪ್ರತಿಗಳು.

ದೀಪಾವಳಿ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಪ್ರೆಸ್ಸಿಗೆ ಹೋಗಿ ‘ಈ ವರ್ಷ ಯಾರ ಪುಸ್ತಕ ಅಚ್ಚಾತ್ರಿ?’ ಅಂತ ಕೇಳಿ. ಒಂದು ಪ್ರತಿ ಕೊಂಡುಕೊಳ್ಳಿ, ಪುಕ್ಕಟೆ ಕೇಳಬೇಡಿ. ಪೂರ್ತಿ ಓದಿ, ಒಂದು ಪುಟ ಬರೆದು ನಮಗೆ ಕಳಿಸಿ. ಕಳಿಸುವ ಮುನ್ನ ಒಂದೇ ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ. ಬರೆದವರು ನಾಳೆ ಫೋನ್ ಮಾಡಿ ‘ಯಾವ ಕತಿ ಓದೀರಿ?’ ಅಂದರೆ ಉತ್ತರ ಇದೆಯೇ? ಇದ್ದರೆ ಕಳಿಸಿ, ಪ್ರಕಟಿಸುತ್ತೇವೆ.